ಚೈನಿಗೆ ತೆಂಗಿನೆಣ್ಣೆ

ಫಳ್ನೀರಿನ ಇಳಿಜಾರಿನಲ್ಲಿ ಬ್ರೇಕ್ ಹಿಡಿದೆ. ಸೈಕಲ್ ನಿಲ್ಲಲಿಲ್ಲ. ಹಿಂದೆ ಕ್ಯಾರಿಯರಿನಲ್ಲಿ ಹೆಂಡತಿ, ಅವಳ ಮಡಿಲಲ್ಲಿ ಹಸುಗೂಸು. ಯುದ್ಧಕಾಲವಾದ್ದರಿಂದ ಸೈಕಲ್ ಎಣ್ಣೆ ಸಿಗದೆ, ಬೆಳಿಗ್ಗೆ ಚೈನಿಗೆ ಧಾರಾಳವಾಗಿ ತೆಂಗಿನೆಣ್ಣೆ ಸುರಿದಿದ್ದೆ. ಉಳಿದದ್ದನ್ನು, ಹೊಳೆಯಲಿ ಎಂದು, ಎರಡೂ ಚಕ್ರಗಳಿಗೆ ಸವರಿದ್ದೆ. ಗುಡ್ಡದ ತುದಿಯಲ್ಲಿ ಸೈಕಲ್ ಒಮ್ಮೆಲೇ ಹಗುರಾದಾಗ ಅದು ಎಣ್ಣೆಯ ಗುಣವೆಂದು ಹಿಗ್ಗಿದ್ದೆ ಬೇರೆ.

ಎದುರಿಗೆ ಎತ್ತಿನ ಗಾಡಿ ಬಂತು. ಹ್ಯಾಂಡಲ್ ತಿರುಗಿಸಿ ಬೇಲಿಗೆ ನುಗ್ಗಿದೆ. ಎದ್ದು ನೋಡಿದರೆ ಕ್ಯಾರಿಯರ್ ಖಾಲಿ. ಬೇಲಿಯೊಳಗೆ ಕೈಹಾಕಿ ಹುಡುಕತೊಡಗಿದೆ.

ಅಷ್ಟರಲ್ಲಿ, ನಿದ್ದೆಹೋದ ಮಗುವನ್ನು ಹೆಗಲಿಗೆ ಹಾಕಿಕೊಂಡು ಅವಳು ಮೇಲಿನಿಂದ ನಿಧಾನವಾಗಿ ನಡೆದು ಬಂದಳು.

“ನೀವು ಚಕ್ರಕ್ಕೂ ಎಣ್ಣೆ ಸವರಿದ್ದು ನೋಡಿದ್ದೇನಲ್ಲ, ತುದಿಯಲ್ಲೇ ಇಳಿದೆ ಮಾರಾಯ್ರೆ.”

ಈಗ ಸರಿಯಾದ ಎಣ್ಣೆ ಸಿಗುತ್ತದೆ. ಆದರೂ ಆ ತುದಿ ಬಂದಾಗ ಅವಳು ಇಳಿಯುತ್ತಾಳೆ. ನಾನೂ ಇಳಿಯುತ್ತೇನೆ.