ಬೀದಿಯಲ್ಲಿ ಬೆಳಕಿದ್ದ ಒಂದೇ ಮನೆ

ಮನೆಗೆ ಸೋಲಾರ್ ಹಾಕಿಸಬೇಕೆಂದಿರುವವರು ಈಗಲೂ ಒಮ್ಮೊಮ್ಮೆ ನನ್ನ ಸಲಹೆ ಕೇಳುತ್ತಾರೆ. ನಾನು ಕನ್ನಡಕ ಸರಿಮಾಡಿಕೊಂಡು, ತೀರ್ಪು ಓದುವವನ ಧಾಟಿಯಲ್ಲಿ ಹೇಳುತ್ತೇನೆ: ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿರಲಿ. ಏಪ್ರಿಲ್ ತಿಂಗಳ ಬಿಸಿಲು ನೋಡಿ ಜಾಗ ಗೊತ್ತುಮಾಡಬೇಡಿ. ಡಿಸೆಂಬರಿನಲ್ಲಿ ಪಕ್ಕದ ಮನೆಯ ಮರದ ನೆರಳು ಎಲ್ಲಿಯವರೆಗೆ ಬರುತ್ತದೆಂದು ಮೊದಲು ನೋಡಿಕೊಳ್ಳಿ. ಬ್ಯಾಟರಿಗೆ ನಲ್ಲಿ ನೀರು ಹಾಕಬೇಡಿ. ಮಿಕ್ಸಿ ಓಡಿಸುವ ಆಸೆ ಬಿಡಿ. ತಿಂಗಳಿಗೆರಡು ಸಲ ತಾರಸಿ ಹತ್ತಿ ಗಾಜಿನ ಮೇಲಿನ ದೂಳು ಒರೆಸಿ. ಅವರು ತಲೆಯಾಡಿಸಿ ಹೋಗುತ್ತಾರೆ. ಮುಖ್ಯವಾದ ಸಂಗತಿಯೊಂದನ್ನು ಮಾತ್ರ ನಾನು ಯಾರಿಗೂ ಹೇಳಿಲ್ಲ. ನನಗೂ ಯಾರೂ ಹೇಳಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಭದ್ರಾವತಿಯ ಜನ್ನಾಪುರದಲ್ಲಿ ವಾಸ, ಶಿವಮೊಗ್ಗದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮನೆಯಲ್ಲಿ ನನ್ನೊಡನೆ ಮಾತಾಡುತ್ತಿದ್ದುದು ಕುಕ್ಕರ್ ಒಂದೇ. ಅದೂ ದಿನಕ್ಕೆ ಮೂರು ಮಾತು.

ಸಂಜೆ ಆರೂವರೆಗೆ ಕರೆಂಟು ಹೋಗುತ್ತಿತ್ತು, ಎಂಟೂವರೆಗೆ ಬರುತ್ತಿತ್ತು. ಸರ್ಕಾರ ಇಷ್ಟು ಕಟ್ಟುನಿಟ್ಟಾಗಿ ನಡೆಸಿದ ಇನ್ನೊಂದು ಕೆಲಸವನ್ನು, ಅದರ ನೌಕರನಾಗಿಯೂ, ನಾನು ಕಂಡಿಲ್ಲ. ಕರೆಂಟು ಹೋದೊಡನೆ ನಮ್ಮ ಬೀದಿಯವರೆಲ್ಲ ಹೊರಗೆ ಬಂದು ಎದುರುಮನೆಯ ಮೆಟ್ಟಿಲುಗಳ ಮೇಲೆ ಕೂರುವುದು ರೂಢಿ. ಆ ಮನೆಯ ಯಜಮಾನರು ಮಾಚೇನಹಳ್ಳಿಯ ವರ್ಕ್‌ಶಾಪೊಂದರಲ್ಲಿ ಮೋಟಾರ್ ವೈಂಡಿಂಗ್ ಮಾಡುತ್ತಿದ್ದರು. ಅವರ ಹೆಂಡತಿ ಬೀದಿಯ ಸಮಾಚಾರವನ್ನೆಲ್ಲ ಬಲ್ಲವರು. ಮೇಲಿನ ಮೆಟ್ಟಿಲು, ಊರಿನ ಕಬ್ಬಿಣದ ಕಾರ್ಖಾನೆಯಲ್ಲಿ ಫೋರ್ಮನ್ ಆಗಿ ನಿವೃತ್ತರಾದ ತಮಿಳು ಹಿರಿಯರೊಬ್ಬರಿಗೆ ಮೀಸಲು. ಮೂರನೆಯ ಮೆಟ್ಟಿಲಿನ ಗೋಡೆಬದಿ ನನ್ನದು.

ಅಲ್ಲಿ ಯಾರ ಮುಖವೂ ಯಾರಿಗೂ ಕಾಣುತ್ತಿರಲಿಲ್ಲ. ಹಾಗಾಗಿ ಮಾತು ಸಲೀಸಾಗಿ ಬರುತ್ತಿತ್ತು. ಹೆಂಡತಿಯ ಕೊನೆಯ ದಿನಗಳ ಬಗ್ಗೆ ನೆಂಟರೆದುರು ತುಟಿ ಬಿಚ್ಚದಿದ್ದ ನಾನು ಒಂದು ಸಂಜೆ ಆ ಮೆಟ್ಟಿಲಿನ ಮೇಲೆ ಎಲ್ಲವನ್ನೂ ಹೇಳಿದ್ದೆ. ಯಾರೂ ಸಮಾಧಾನ ಹೇಳಲಿಲ್ಲ. ಆಮೇಲೆ ಎದುರುಮನೆಯಾಕೆ, “ಸಾರ್, ಒಂದು ಹಿಡಿ ಕಡಲೆಕಾಯಿ ತಗೊಳ್ಳಿ,” ಎಂದು ಕತ್ತಲಲ್ಲಿ ನನ್ನ ಕೈ ಹುಡುಕಿ ಸುರಿದರು. ಅಷ್ಟೇ.

ಇಂಥ ಏರ್ಪಾಡನ್ನು ನಾನು ಕತ್ತಲೆಯ ತೊಂದರೆ ಎಂದು ತಿಳಿದಿದ್ದೆ! ಮನೆಯಲ್ಲಿ ಮೊಂಬತ್ತಿ ಎಲ್ಲಿದೆ, ಬೆಂಕಿಪೊಟ್ಟಣ ಎಲ್ಲಿದೆ ಎಂಬುದು ಹೆಂಡತಿಗಷ್ಟೇ ಗೊತ್ತಿದ್ದ ವಿದ್ಯೆ. ಆಕೆ ಹೋದ ಮೇಲೆ ನಾನು ಕತ್ತಲಲ್ಲಿ ಡಬ್ಬಿಗಳನ್ನು ಉರುಳಿಸುತ್ತ ಹುಡುಕುತ್ತಿದ್ದೆ. ಸಾಕಾಯಿತು. ಒಂದು ಶನಿವಾರ ಶಿವಮೊಗ್ಗದ ದುರ್ಗಿಗುಡಿಯ ಸೋಲಾರ್ ಅಂಗಡಿಯೊಂದಕ್ಕೆ ಹೋಗಿ, ಒಂದು ಪ್ಯಾನೆಲ್, ಒಂದು ಬ್ಯಾಟರಿ, ನಾಲ್ಕು ಪುಟ್ಟ ಟ್ಯೂಬ್‌ಲೈಟುಗಳಿಗೆ ಹೇಳಿಬಂದೆ.

ಹಾಕಲು ಬಂದವನು ತಾರಸಿಯ ಮೇಲೆ ಚೌಕಟ್ಟನ್ನು ದಕ್ಷಿಣಕ್ಕೆ ತಿರುಗಿಸುತ್ತಿದ್ದಂತೆ ಎದುರುಮನೆಯಾಕೆ ಕೆಳಗಿನಿಂದ ಕೂಗಿದರು: “ಏನಪ್ಪಾ, ಯಮನ ದಿಕ್ಕಿಗಾ ಇಡೋದು? ಪೂರ್ವಕ್ಕಿಡು!”

“ಬಿಸಿಲು ಅಲ್ಲೇ ಜಾಸ್ತಿ ಕಣಮ್ಮ. ಯಮನಿಗೆ ನಾನೇ ಹೇಳ್ತೀನಿ ಬಿಡಿ,” ಎಂದ ಅವನು.

ಮೊದಲ ಸಂಜೆ ಕರೆಂಟು ಹೋಯಿತು. ನಮ್ಮ ಮನೆ ಮಾತ್ರ ಬೆಳಗಿತು. ಎಲ್ಲರೂ ಬಂದು ನೋಡಿದರು.

“ಮದುವೆ ಮನೆ ಆಗೋಯ್ತಲ್ಲ ಸಾರ್!” ಎಂದರು ವೈಂಡಿಂಗಿನವರು.

“ಗೌರ್ಮೆಂಟೇ ಇನ್ಮೇಲೆ ಇವರ ಹತ್ರ ಕರೆಂಟ್ ಕೇಳಬೇಕಪ್ಪಾ,” ಎಂದರು ಫೋರ್ಮನ್.

ಹೊಗಳಿ, ಅವರವರ ಮೆಟ್ಟಿಲಿಗೆ ಹೋದರು. ನಾನೂ ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಹೊರಟೆ. ಎದುರುಮನೆಯಾಕೆಗೆ ನಿಜವಾಗಿಯೂ ಆಶ್ಚರ್ಯ. “ನೀವ್ಯಾಕೆ ಬಂದ್ರಿ ಸಾರ್? ಅಷ್ಟು ಬೆಳಕಿಟ್ಕೊಂಡು ಈ ಸೊಳ್ಳೇಲಿ ಕೂರ್ತೀರಾ? ಹೋಗಿ, ಆರಾಮಾಗಿ ಪೇಪರ್ ಓದ್ಕೊಳ್ಳಿ.”

ಆ ಕ್ಷಣದಲ್ಲಿ ನನಗೆ ಬೀದಿಯ ಕಾನೂನು ತಿಳಿಯಿತು. ಮೆಟ್ಟಿಲಿರುವುದು ಮನೆ ಕತ್ತಲಾದವರಿಗೆ. ಬೆಳಕಿದ್ದವನು ಅಲ್ಲಿ ಬಂದು ಕೂತರೆ ಅವನೊಬ್ಬ ಅತಿಥಿ. ನಾನು ಒಳಗೆ ಹೋಗಿ ಪೇಪರ್ ಓದಿದೆ. ಟೆಂಡರ್ ಪ್ರಕಟಣೆಗಳನ್ನೂ ಬಿಡಲಿಲ್ಲ. ಕಿಟಕಿಯಾಚೆ ನಗು ಕೇಳುತ್ತಿತ್ತು. ಯಾವುದಕ್ಕೆಂದು ಮಾತ್ರ ಕೇಳುತ್ತಿರಲಿಲ್ಲ.

ಒಂದು ವಾರ ಸಹಿಸಿದೆ. ಆಮೇಲೆ ಎಲ್ಲರನ್ನೂ ಮನೆಗೇ ಕರೆದೆ. ಬಂದರು, ಪಾಪ. ಹೆಂಗಸರು ಸೆರಗು ಸರಿಮಾಡಿಕೊಂಡು ಕುರ್ಚಿಯ ಅಂಚಿನಲ್ಲಿ ಕೂತರು. ಫೋರ್ಮನ್ ಕ್ಯಾಲೆಂಡರ್ ನೋಡಿದರು. ಎದುರುಮನೆಯಾಕೆ ಗೋಡೆಯ ಮೇಲಿದ್ದ ನನ್ನ ಹೆಂಡತಿಯ ಫೋಟೋ ನೋಡಿದರು, ಅದರ ಮೇಲಿನ ದೂಳನ್ನೂ ನೋಡಿದರು, ಆಮೇಲೆ ನನ್ನನ್ನು ನೋಡಲಿಲ್ಲ. ಶೋಕಸಭೆಯಲ್ಲಾದರೂ ಅಧ್ಯಕ್ಷರ ಭಾಷಣವಿರುತ್ತದೆ; ಇಲ್ಲಿ ಅದೂ ಇರಲಿಲ್ಲ. ಹತ್ತು ನಿಮಿಷಕ್ಕೆ ಒಬ್ಬರಿಗೆ ಒಲೆಯ ಮೇಲಿನ ಹಾಲು ನೆನಪಾಯಿತು, ಎಲ್ಲರೂ ಎದ್ದರು. ಅವರು ಬೀದಿ ದಾಟುವಷ್ಟರಲ್ಲೇ ಮಾತು ಶುರುವಾದದ್ದು ನನಗೆ ಕೇಳಿಸಿತು.

ಮಾರನೆಯ ದಿನ, ಇಪ್ಪತ್ತೆರಡು ವರ್ಷಗಳ ಕಳಂಕರಹಿತ ಸೇವೆಯುಳ್ಳ ಸರ್ಕಾರಿ ನೌಕರನಾದ ನಾನು, ನನ್ನ ಸ್ವಂತ ಬ್ಯಾಟರಿಯ ಪೆಟ್ಟಿಗೆಯಿಂದ ಫ್ಯೂಸ್ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡೆ. ಆರೂವರೆಗೆ ಕರೆಂಟು ಹೋಯಿತು. ಹೊರಗೆ ಬಂದೆ.

“ಯಾಕ್ ಸಾರ್, ನಿಮ್ಮನೇಲೂ ಕತ್ತಲು?”

“ಏನೋ ಕೆಟ್ಟಿದೆ. ಮೊಂಬತ್ತಿಯೂ ಸಿಗ್ತಿಲ್ಲ,” ಎಂದೆ.

“ನೋಡಿದ್ರಾ? ಪೂರ್ವಕ್ಕಿಡು ಅಂತ ಬಡ್ಕೊಂಡೆ,” ಎಂದು ಎದುರುಮನೆಯಾಕೆ ಸರಿದು ಕೂತು ಜಾಗ ಬಿಟ್ಟರು. ಮೂರನೆಯ ಮೆಟ್ಟಿಲು ಹಗಲಿನ ಬಿಸಿಲಿಗೆ ಇನ್ನೂ ಬೆಚ್ಚಗಿತ್ತು.

ಒಂಬತ್ತು ಸಂಜೆ ಹಾಗೆ ಕಳೆಯಿತು. ಫೋರ್ಮನ್ ತಮ್ಮ ಕುಲುಮೆಯ ಕತೆಗಳನ್ನು ಹೇಳಿದರು. ನಾನೂ ಹೇಳಿದೆ, ನಕ್ಕೆ. ನನ್ನ ನಗುವಿನ ಸದ್ದು ನನಗೇ ಹೊಸದೆನಿಸಿತು. ಅಷ್ಟೂ ದಿನ ಫ್ಯೂಸ್ ಜೇಬಿನಲ್ಲೇ ಇತ್ತು.

ಆದರೆ ಕೆಟ್ಟುಹೋದ ವಸ್ತುವೊಂದು ಎದುರಿಗೇ ಬಿದ್ದಿರುವಾಗ ಸುಮ್ಮನಿರುವುದು ಮಾಚೇನಹಳ್ಳಿಯ ಮೆಕ್ಯಾನಿಕ್ಕನಿಂದ ಆಗುವ ಕೆಲಸವಲ್ಲ. ಹತ್ತನೆಯ ಸಂಜೆ ವೈಂಡಿಂಗಿನವರು ಟಾರ್ಚು, ಸ್ಕ್ರೂಡ್ರೈವರ್ ಹಿಡಿದು ಎದ್ದು ನಿಂತರು.

“ನಡೀರಿ ಸಾರ್, ನೋಡೇಬಿಡೋಣ.”

“ಬೇಡ ಬಿಡಿ, ನಿಮಗ್ಯಾಕೆ ತೊಂದರೆ. ಕಂಪನಿಯವರೇ ಬರ್ತಾರೆ.”

“ಅವರು ಬಂದ ಹಾಗೇ! ಇವರೊಬ್ಬರು ದಾಕ್ಷಿಣ್ಯದ ಮನುಷ್ಯ. ಹೋಗ್ರೀ, ಮಾಡಿಕೊಡಿ ಅವರಿಗೆ. ಪಾಪ, ಎಷ್ಟು ದಿನಾಂತ ನಮ್ಮ ಜೊತೆ ಕತ್ತಲಲ್ಲಿ ಕೂರ್ತಾರೆ?” ಎಂದರು ಅವರ ಹೆಂಡತಿ.

ವೈಂಡಿಂಗಿನವರು ನಮ್ಮ ಮನೆಗೆ ಬಂದು ಪೆಟ್ಟಿಗೆಯ ಮುಚ್ಚಳ ತೆಗೆದರು. ಒಂದು ನಿಮಿಷವೂ ಬೇಕಾಗಲಿಲ್ಲ.

“ಫ್ಯೂಸೇ ಇಲ್ವಲ್ಲ ಮಾರಾಯ್ರೆ! ಎಲ್ಲಿ ಹೋಯ್ತು?”

“ಇಲಿ ಇರಬೇಕು,” ಎಂದೆ.

“ಜನ್ನಾಪುರದ ಇಲಿ, ಏನ್ ಬೇಕಾದ್ರೂ ತಿಂತವೆ,” ಎಂದು ಅವರು ಒಪ್ಪಿಕೊಂಡು, ತಮ್ಮ ಜೇಬಿನಿಂದಲೇ ಒಂದು ಫ್ಯೂಸ್ ತೆಗೆದು ಕೂರಿಸಿದರು. ನಾಲ್ಕೂ ದೀಪಗಳು ಒಟ್ಟಿಗೆ ಹೊತ್ತಿದವು. ಎದುರಿನ ಮೆಟ್ಟಿಲುಗಳಿಂದ ಚಪ್ಪಾಳೆಯ ಸದ್ದು. “ಬಂತು ಬಂತು!” ಎಂದು ಯಾರೋ ಕೂಗಿದರು. ಅವರೆಲ್ಲ ನನಗಾಗಿ ನಿಜವಾಗಿಯೂ ಸಂತೋಷಪಡುತ್ತಿದ್ದರು.

ವೈಂಡಿಂಗಿನವರು ಕೈ ಒರೆಸಿಕೊಂಡು, ಕಾಫಿಯೂ ಬೇಡವೆಂದು, ಬೀದಿ ದಾಟಿ ತಮ್ಮ ಮೆಟ್ಟಿಲಿಗೆ ಹೋಗಿ ಕೂತರು. ನಾನು ಬಾಗಿಲಲ್ಲಿ ನಿಂತಿದ್ದೆ. ನನ್ನ ಹಿಂದಿನ ಬೆಳಕು ಬೀದಿಗೆ ಅಡ್ಡಲಾಗಿ ಹಾಸಿಕೊಂಡು ಅವರ ಮೂರನೆಯ ಮೆಟ್ಟಿಲಿನವರೆಗೆ ಹೋಗಿತ್ತು. ಅಲ್ಲಿ ಆಗಲೇ ಯಾರೋ ಸರಿದು ಕೂತಾಗಿತ್ತು. ಎದುರುಮನೆಯಾಕೆ ಕಣ್ಣಿಗೆ ಕೈ ಅಡ್ಡ ಹಿಡಿದು, ತುಂಬ ವಿಶ್ವಾಸದಿಂದಲೇ ಕೂಗಿದರು:

“ಸಾರ್, ಬಾಗಿಲು ಸ್ವಲ್ಪ ಮುಂದೆ ಮಾಡ್ಕೊಳ್ಳಿ. ಕಣ್ಣಿಗೆ ಹೊಡೀತದೆ.”

ಮುಂದೆ ಮಾಡಿಕೊಂಡೆ.