ಕ್ರಾಸಿನಲ್ಲಿ ಹತ್ತಿದ ಮೂವತ್ತೊಂದು ಜನ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಇನ್ನೂ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿದ್ದ ಕಾಲ. ಮಾಗಡಿ–ಬಿಡದಿ ದಾರಿಯಲ್ಲಿ ನನ್ನ ಎರಡು ಬಸ್ಸು ಓಡುತ್ತಿದ್ದವು. ಕ್ಲೀನರ್ ಆಗಿ ಬಾಗಿಲಲ್ಲಿ ನೇತಾಡಿ, ಆಮೇಲೆ ಕಂಡಕ್ಟರ್ ಆಗಿ, ಕೊನೆಗೆ ಹಳೆಯ ಬಸ್ಸೊಂದನ್ನು ಚೌಕಾಸಿ ಮಾಡಿ ಕೊಂಡು ಮೇಲೆ ಬಂದವನು ನಾನು. ಟೈರಾಗಲಿ, ಡೀಸೆಲ್ ಪಂಪಾಗಲಿ, ಹೇಳಿದ ಬೆಲೆಗೆ ಯಾವುದನ್ನೂ ತೆಗೆದುಕೊಂಡವನಲ್ಲ. ಮಾತಾಡಬಲ್ಲವನು ಎಂಬ ಆ ಹೆಸರಿನಿಂದಲೇ ಬಸ್ ಮಾಲೀಕರು ನನ್ನನ್ನು ತಮ್ಮ ಪರವಾಗಿ ಸರ್ಕಾರಿ ಸಭೆಯೊಂದಕ್ಕೆ ಕಳಿಸಿದರು.

ಹಿಂದುಳಿದ ಹಳ್ಳಿಗಳಿಗೆ ಬಸ್ಸು, ರಸ್ತೆ ಕೊಡುವುದು ಹೇಗೆ ಎಂಬುದು ಸಭೆಯ ವಿಷಯ. ಬಿಡದಿಯಲ್ಲಿ ಕಾರ್ಖಾನೆಗಳು ಏಳುತ್ತಿದ್ದವು, ಮಾಗಡಿಯ ಒಳಹಳ್ಳಿಗಳಲ್ಲಿ ಗಾಡಿಜಾಡೇ ರಸ್ತೆ. ಅಲ್ಲಿಯವರೆಗೆ ಮಾರ್ಗ ಕೊಡುತ್ತಿದ್ದದ್ದು ಕಲೆಕ್ಷನ್ ನೋಡಿ. ನಾನು ಎದ್ದು ನಿಂತು ಹೇಳಿದೆ: “ಸಾರ್, ದುಡ್ಡು ಹುಟ್ಟೋ ಊರಿಗೇ ಬಸ್ ಕೊಟ್ರೆ, ಬಸ್ ಇರೋ ಊರಲ್ಲೇ ದುಡ್ಡು ಹುಟ್ತದೆ. ಕಲೆಕ್ಷನ್ ಬುಡಿ. ಹತ್ತೋ ತಲೆ ಎಣಿಸಿ.”

ಅಧಿಕಾರಿಗೆ ಮಾತು ಹಿಡಿಸಿತು. ಹದಿನೈದು ದಿನ ಪ್ರಯೋಗವಾಗಿ ಬಸ್ ಓಡಬೇಕು. ಊರಿನಲ್ಲಿ ದಿನಕ್ಕೆ ಸರಾಸರಿ ಅರವತ್ತು ಜನ ಹತ್ತಿದರೆ ಮಾರ್ಗ ಕಾಯಂ, ಜೊತೆಗೆ ರಸ್ತೆಗೆ ಡಾಂಬರು, ಹಳ್ಳಕ್ಕೆ ಸೇತುವೆ ಎಂದರು. ನಾನು ಅರವತ್ತರಿಂದ ಶುರುಮಾಡಿ ಇಪ್ಪತ್ತೈದಕ್ಕೆ ತಂದು ನಿಲ್ಲಿಸಿದೆ. ಹೊರಗೆ ಬಂದು ಬೆನ್ನು ತಟ್ಟಿಸಿಕೊಂಡೆ.

ಮಾಗಡಿ ಹತ್ತಿರದ ಕಲ್ಯ ಎಂಬ ಊರಿನ ಆಚೆಯ ಒಂದು ಹಳ್ಳಿಯನ್ನು ನನ್ನ ಬಸ್ಸಿಗೆ ಕೊಟ್ಟರು. ಊರಿನಿಂದ ಮುಖ್ಯರಸ್ತೆಯ ಕ್ರಾಸಿಗೆ ಎರಡೂವರೆ ಕಿಲೋಮೀಟರ್, ನಡುವೆ ಒಂದು ಹಳ್ಳ. ಆ ಊರಿನ ಜಯಮ್ಮ ಎಂಬಾಕೆಗೆ ಬಿಡದಿಯ ಗಾರ್ಮೆಂಟ್ಸ್ ಒಂದರಲ್ಲಿ ಹೊಲಿಗೆ ಕೆಲಸ ಸಿಕ್ಕಿತ್ತು. ಬೇಸಿಗೆಯಲ್ಲಿ ನಡೆದು ಹೋಗುತ್ತಿದ್ದಳು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ದಾಟುವ ಹಾಗಿರಲಿಲ್ಲ. ಎಂಟೂವರೆಗೆ ಕಾರ್ಖಾನೆಯ ಗೇಟು ಹಾಕುತ್ತಾರೆ. ಮೂರು ದಿನ ತಡವಾದರೆ ಮತ್ತೆ ಬರಬೇಡ ಎನ್ನುತ್ತಾರೆ. “ಮಳೆ ಹಿಡಿಯೋದ್ರೊಳಗೆ ಸೇತುವೆ ಮಂಜೂರಾಗ್ಬುಟ್ರೆ ನಾನು ಬದುಕ್ಕತ್ತೀನಿ ಕಣಣ್ಣ,” ಎಂದಿದ್ದಳು. ಗಂಡ ಇರಲಿಲ್ಲ, ಮನೆ ಅವಳ ಕೈಮೇಲೆ ನಡೆಯುತ್ತಿತ್ತು.

ಇಲ್ಲೊಂದು ವಿಷಯ ಹೇಳಬೇಕು. ಬಸ್ ಚಾರ್ಜು ಸ್ಟೇಜಿನ ಲೆಕ್ಕ. ಊರಿನಿಂದ ಕ್ರಾಸಿಗೆ ಒಂದು ಸ್ಟೇಜು. ನಡೆದರೆ ಆ ಸ್ಟೇಜಿನ ಚಾರ್ಜು ಉಳಿಯುತ್ತದೆ. ಆ ಊರಿನವರು ತಲೆತಲಾಂತರದಿಂದ ಕ್ರಾಸಿಗೆ ನಡೆದೇ ಬಸ್ ಹತ್ತಿದವರು.

ಮೂರನೇ ದಿನವೇ ಕಂಡಕ್ಟರ್ ರಂಗಸ್ವಾಮಿ ಬಂದು ತಲೆ ಕೆರೆದುಕೊಂಡ. “ಅಣ್ಣೋ, ಊರಲ್ಲಿ ಯಾರೂ ಹತ್ತಾಕಿಲ್ಲ. ಹದಿನೈದ್ ದಿನ ಆ ಒಂದ್ ಸ್ಟೇಜು ಪುಕ್ಕಟೆ ಬುಟ್ಟುಬುಡಾನ.”

“ಮೊದ್ಲು ಪುಕ್ಕಟೆ ಕೊಟ್ಟು ಆಮೇಲೆ ಕಾಸು ಕೇಳಿದ್ರೆ ಕೊಡ್ತಾರೇನ್ಲಾ? ವ್ಯಾಪಾರ ಕಲಿ,” ಎಂದು ಅವನನ್ನು ಕಳಿಸಿದೆ.

ಒಂಬತ್ತನೇ ದಿನ ನಾನೇ ಬಸ್ ಹತ್ತಿದೆ. ಮುಂದಿನ ಸೀಟಿನಲ್ಲಿ ಎಣಿಕೆಯ ಗುಮಾಸ್ತ ಪುಸ್ತಕ ಹಿಡಿದು ಕೂತಿದ್ದ. ಊರಿನಲ್ಲಿ ಹತ್ತಿದ್ದು ಜಯಮ್ಮ ಮತ್ತು ಮಂಡಿನೋವಿನ ಒಬ್ಬ ಅಜ್ಜಿ. ನೀರಿಲ್ಲದ ಹಳ್ಳ ದಾಟುತ್ತಿದ್ದಂತೆ ದಾರಿಯುದ್ದಕ್ಕೂ ಜನ. ತಲೆಯ ಮೇಲೆ ಅವರೇಕಾಯಿ ಮೂಟೆ, ಕಂಕುಳಲ್ಲಿ ಕೋಳಿ, ಕೈಯಲ್ಲಿ ಚಪ್ಪಲಿ. ಡ್ರೈವರ್ ಹಾರನ್ ಬಾರಿಸಿದರೆ ಪಕ್ಕಕ್ಕೆ ಸರಿದು, ಬಸ್ಸಿಗೆ ದಾರಿ ಕೊಟ್ಟು, ನಗುತ್ತ ಕೈಬೀಸಿದರು.

ಜಯಮ್ಮ ಕಿಟಕಿಯಿಂದ ತಲೆ ಹಾಕಿ ಕೂಗಿದಳು: “ಮಾದಣ್ಣೋ, ಹತ್ತಪ್ಪ! ನಮ್ಮೂರ ಲೆಕ್ಕಕ್ಕೆ ಆಯ್ತದೆ!”

“ಒಂದ್ ಸ್ಟೇಜಿಗೆ ಯಾಕವ್ವ ದಂಡ? ಕಾಲಿಲ್ವಾ ನಂಗೆ? ಕ್ರಾಸಲ್ಲಿ ಸೀಟು ಇಡ್ದಿರು!” ಎಂದ ಮಾದಣ್ಣ.

ಕ್ರಾಸಿನಲ್ಲಿ ಒಂದು ಗಳಿಗೆ ಕಾದೆವು. ಅದೇ ಜನ, ಅದೇ ಮೂಟೆ, ಅದೇ ಕೋಳಿ. ಮೂವತ್ತೊಂದು ಜನ ಹತ್ತಿದರು. ಇವರೆಲ್ಲ ಆ ಊರಿನವರೇ, ಹಾಗೇ ಬರೆದುಕೊಳ್ಳಿ ಎಂದು ಗುಮಾಸ್ತನನ್ನು ಕೇಳಿದೆ. “ಅವ್ರು ಹತ್ತಿದ್ದು ಇಲ್ಲಿ, ಸ್ವಾಮಿ. ಎಲ್ಲಿ ಹತ್ತಿದ್ರು ಅಂತ ಎಣಿಸು ಅಂದಿದ್ದು ನೀವೇ ಅಂತೆ?” ಎಂದ. ಪ್ರಾಮಾಣಿಕ ಮನುಷ್ಯ. ಅವನ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ.

ಮಾರನೇ ದಿನವೇ ಆ ಸ್ಟೇಜು ಪುಕ್ಕಟೆ ಎಂದು ಊರಲ್ಲಿ ಸಾರಿಸಿದೆ. ನಾನೇ ಅರಳಿಕಟ್ಟೆಯ ಹತ್ತಿರ ನಿಂತು ಕರೆದೆ. ಮಾದಣ್ಣ ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದ. “ನೀವು? ಪುಕ್ಕಟೆ? ಚಿಲ್ಲರೆಗೂ ಮೂರು ಸಲ ಲೆಕ್ಕ ಹಾಕೋರು ನೀವು. ಇದ್ರಲ್ಲಿ ಏನೋ ಐತೆ ಕಣ್ರಲಾ, ನಡೀರಿ.” ಎಲ್ಲರೂ ನಕ್ಕು ನಡೆದುಬಿಟ್ಟರು. ಬದುಕಿಡೀ ಚೌಕಾಸಿ ಮಾಡಿ ಗಳಿಸಿದ ಹೆಸರು, ಬಿಟ್ಟುಕೊಡಬೇಕಾದ ದಿನ ಅಡ್ಡ ನಿಂತಿತು.

ಪ್ರಯೋಗ ಮುಗಿಯಿತು. ಊರಿನ ಸರಾಸರಿ ನಾಲ್ಕು. ಸಭೆಯಲ್ಲಿ ನಾನು ಗಾಡಿಜಾಡಿನಲ್ಲಿ ಕ್ರಾಸಿಗೆ ನಡೆದು ಬರುವವರ ಕಥೆಯನ್ನೆಲ್ಲ ಹೇಳಿದೆ. ಅಧಿಕಾರಿ ಕೇಳಿಸಿಕೊಂಡರು, ಬರೆದುಕೊಂಡರು, ಆಮೇಲೆ ಆದೇಶ ಓದಿದರು: ಈ ಊರಿನಲ್ಲಿ ಬಸ್ಸಿಗೆ ಬೇಡಿಕೆ ಇಲ್ಲ, ಕ್ರಾಸಿನಲ್ಲಿ ಬೇಡಿಕೆ ಹೆಚ್ಚಿದೆ. ಅರ್ಧ ಗಂಟೆಗೊಂದು ಬಸ್ ಇದ್ದ ಕ್ರಾಸಿಗೆ ಇನ್ನೊಂದು ಬಸ್ ಬಂತು. ಹಿಂದುಳಿದ ಹಳ್ಳಿಗಳ ಯೋಜನೆಯಲ್ಲೇ ಅಲ್ಲೊಂದು ತಂಗುದಾಣ ಎದ್ದಿತು. ಹಳ್ಳಕ್ಕೆ ಸೇತುವೆ ಬರಲಿಲ್ಲ.

ಮಳೆ ಹಿಡಿದ ಮೇಲೆ ಒಂದು ದಿನ ಆ ತಂಗುದಾಣದಲ್ಲಿ ಜಯಮ್ಮ ಸಿಕ್ಕಳು. ಕಾಲು, ಸೀರೆ ಎಲ್ಲ ಕೆಸರು. ಮೂರನೇ ಸಲ ತಡವಾಗಿ ಗೇಟಿನಿಂದ ವಾಪಸು ಬಂದಿದ್ದಳು. ಆಗಲೂ ನಾನು ಸುಮ್ಮನಿರದೆ ಬುದ್ಧಿ ಹೇಳಲು ಹೋದೆ: ಬಿಡದಿಯಲ್ಲೇ ಒಂದು ರೂಮು ಮಾಡು ಎಂದೆ.

“ಬಾಡ್ಗೆ ಕೊಡೋ ಹಂಗಿದ್ರೆ ಹಳ್ಳ ಯಾಕೆ ಈಜ್ಕಂಡು ಬತ್ತಿದ್ದೆ?” ಎಂದಳು. ಸೀರೆಯ ಅಂಚು ಹಿಂಡುತ್ತ ಮತ್ತೆ ಹೇಳಿದಳು: “ಮೊದಲ್ನೇ ದಿನವೇ ಆ ಒಂದ್ ಸ್ಟೇಜ್ ಬುಟ್ಟಿದ್ರೆ ಎಲ್ರೂ ಹತ್ತೋರು ಕಣಣ್ಣ. ನೀವು ಆಪೀಸರ್ ತಾವ ಗೆದ್ರಿ, ನಮ್ ತಾವ್ಲೂ ಗೆದ್ರಿ.”

ಬಸ್ಸುಗಳನ್ನು ಮಾರಿ ಎಷ್ಟೋ ವರ್ಷವಾಯಿತು. ನೀತಿ ಮಾಡುವವರಿಗೆ ನನ್ನದು ಒಂದೇ ಸಲಹೆ: ಬಡವರನ್ನು ಅವರು ಹತ್ತುವ ಜಾಗದಲ್ಲಿ ಎಣಿಸಬೇಡಿ, ಹೊರಡುವ ಜಾಗದಲ್ಲಿ ಎಣಿಸಿ. ಒಂದು ಬೆಳಿಗ್ಗೆ ಅವರ ಜೊತೆ ನಡೆದರೆ ಸಾಕು. ಇದನ್ನು ಆಮೇಲೆ ಮೂರು ಸಮಿತಿಗಳ ಮುಂದೆ ಹೇಳಿದ್ದೇನೆ. ಮೂರೂ ಕಡೆ ಬರೆದುಕೊಂಡರು. ಹಳ್ಳ ಹಾಗೇ ಇದೆ. ತಂಗುದಾಣಕ್ಕೆ ಈಚೆಗೆ ಬಣ್ಣ ಹೊಡೆದಿದ್ದಾರೆ.