ಕ್ಯಾಸಿನೊ ವಿಚಾರಿಸಿದ ಮಾವಶಿ

ಮಾವಶಿಯ ಕನ್ನಡಕಕ್ಕೆ ಒಂದು ಕಡ್ಡಿ ಇರಲಿಲ್ಲ. ಅದರ ಜಾಗದಲ್ಲಿ ಕಪ್ಪು ದಾರ ಕಟ್ಟಿ ಎಡಗಿವಿಗೆ ಸುತ್ತಿಕೊಳ್ಳುತ್ತಿದ್ದರು. ಹೊಸದು ಮಾಡಿಸಿಕೊಳ್ಳಿ ಎಂದರೆ, "ಕಣ್ಣ ಕಾಣತಾವಲ್ಲ, ಕಿವಿಗೆ ಯಾಕ ಶೃಂಗಾರ?" ಎನ್ನುತ್ತಿದ್ದರು. ಲಂಡನ್ನಿನ ಹೌನ್ಸ್ಲೋದಲ್ಲಿ ನಮ್ಮ ಫ್ಲ್ಯಾಟಿನ ಕೆಳಗಿನ ಮನೆ ಅವರದು. ವಿಮಾನಗಳಿಗೆ ಊಟ ಕಟ್ಟಿ ಕಳಿಸುವ ಅಡುಗೆಮನೆಯಲ್ಲಿ ದುಡಿದು ನಿವೃತ್ತರಾಗಿದ್ದರು. ಅವರ ಬೆಳಗಾವಿ ಕಡೆ ಚಿಕ್ಕಮ್ಮನಿಗೆ ಮಾವಶಿ ಎನ್ನುತ್ತಾರೆ. ಮೈಸೂರಿನವನಾದ ನಾನೂ ಹಾಗೇ ಕರೆದೆ.

ಲಂಡನ್ನಿನ ಕನ್ನಡದವರಲ್ಲಿ ಮದುವೆ ಮಾತು ಎದ್ದರೆ ಹುಡುಗನ ಮನೆ ವಿಚಾರಿಸಲು ಇವರನ್ನೇ ಕಳಿಸುತ್ತಿದ್ದರು. ಒಮ್ಮೆ ಸ್ಟ್ಯಾನ್ಮೋರ್‌ನ ಸಂಬಂಧವೊಂದಕ್ಕಾಗಿ ಟ್ಯೂಬ್ ರೈಲು ಹಿಡಿದು ಕೊನೆಯ ಸ್ಟೇಶನ್ನಿನವರೆಗೆ ಹೋದವರು, ಆ ಮನೆಯ ಬಾಗಿಲನ್ನೇ ತಟ್ಟದೆ, ಮೂಲೆಯ ಪೇಪರ್ ಅಂಗಡಿಯಲ್ಲಿ ಅರ್ಧ ದಿನ ಹರಟಿ ವಾಪಸು ಬಂದರು. ಯಾಕೆಂದು ಕೇಳಿದೆ. "ಹುಡುಗನ ಮನ್ಯಾಗ ಕೇಳಿದ್ರ ನಮ್ಮಾಂವ ಸಾಕ್ಷಾತ್ ರಾಮಚಂದ್ರ ಅಂತಾರ. ಅದಕ್ಕ ನಾ ಅಷ್ಟ ದೂರ ಹೋಗಬೇಕೇನು?"

ಆಗ ನಾನು ಹೀಥ್ರೋದ ಸರಕು ಗೋದಾಮಿನಲ್ಲಿದ್ದೆ. ಕೆಲಸ ಗಟ್ಟಿ, ಪಾಳಿ ಮಾತ್ರ ಕೆಟ್ಟದು. ಹೆಂಡತಿ ಚೊಚ್ಚಲ ಬಸುರಿ. ಅಂಥದ್ದರಲ್ಲಿ ಆನ್‌ಲೈನ್ ಕ್ಯಾಸಿನೊ ಒಂದರಿಂದ ಗ್ರಾಹಕರ ಫೋನು ನೋಡಿಕೊಳ್ಳುವ ಹಗಲಿನ ಕೆಲಸ ಬಂತು. "ಜೂಜಿನವರನ್ನ ನಂಬಿ ಇರೋ ಕೆಲಸ ಬಿಡ್ತೀರಾ?" ಎಂದು ಹೆಂಡತಿ ಮುಖ ತಿರುಗಿಸಿದಳು. ಸರಕಾರದ ಲೈಸೆನ್ಸ್ ಇದೆ ಕಣೇ ಎಂದು ಕಂಪ್ಯೂಟರ್ ತೋರಿಸಿದೆ. ಪುಟದ ಬುಡದಲ್ಲಿ ಮುದ್ರೆ, ನಂಬರು. ಮುದ್ರೆ ಒತ್ತಿದರೆ ಚೆಂದದ ಪ್ರಮಾಣಪತ್ರ ತೆರೆದುಕೊಳ್ಳುತ್ತಿತ್ತು. ಅವಳು ಸೀದಾ ಕೆಳಗೆ ಹೋಗಿ ಮಾವಶಿಯನ್ನು ಕರೆತಂದಳು.

ಮಾವಶಿ ದಾರ ಸರಿಮಾಡಿಕೊಂಡು ಕುಳಿತರು. "ಈ ಮುದ್ರಿ ಯಾರ ಮನ್ಯಾಗ ಐತಿ?"

"ಅವರ ಪುಟದಲ್ಲೇ, ಮಾವಶಿ."

"ಪ್ರಮಾಣಪತ್ರ?"

ಅದೂ ಅವರದೇ. ನಾನು ಅಷ್ಟು ಯೋಚಿಸಿರಲಿಲ್ಲ.

"ಅಂದ್ರ ಹುಡುಗನ ಮನ್ಯಾಗ ಕುಂತು ಹುಡುಗನ್ನ ಕೇಳಾಕ್ಹತ್ತೀದಿ. ಹೊರಗ ಬಾ."

ಆ ಪುಟದಿಂದ ಹೊರಗೆ ಬಂದದ್ದೇ ನನ್ನ ತಲೆ ಕೆಟ್ಟಿತು. ಲೈಸೆನ್ಸ್ ಕೊಡುವ ಸರಕಾರಿ ಕಚೇರಿಯ ಪುಟವನ್ನು ನಾವೇ ಹುಡುಕಿ ಆ ನಂಬರು ಹಾಕಿದೆವು. ನಂಬರು ನಿಜವೇ. ಆದರೆ ಅಲ್ಲಿದ್ದ ಹೆಸರು ಬೇರೆ, ವಿಳಾಸ ಯಾವುದೋ ದ್ವೀಪದ್ದು. ನನ್ನ ಕ್ಯಾಸಿನೊದ ಹೆಸರು ಎಲ್ಲೂ ಇಲ್ಲ. ಕಂಪನಿಗೊಂದು ಹೆಸರು, ಅಂಗಡಿಗೊಂದು ಹೆಸರು ಇರುತ್ತದಲ್ಲ ಎಂದೆ. ನಿಜವಾಗಿ ನನಗೂ ಗೊತ್ತಿರಲಿಲ್ಲ, ಈಗಲೂ ಪೂರ್ತಿ ಗೊತ್ತಿಲ್ಲ. ಮಾವಶಿ ಮಾತ್ರ, "ಕಾಕಾನ ಪೈಕಿ, ಮಾಮಾನ ಪೈಕಿ ಬ್ಯಾಡ. ಹುಡುಗ ಯಾರು, ಅಷ್ಟ ಹೇಳು" ಎಂದು ಪಟ್ಟು ಹಿಡಿದರು.

ಮರುದಿನ ಆ ಕಚೇರಿಗೆ ಅವರ ಮನೆಯಿಂದಲೇ ಫೋನು ಮಾಡಿದೆವು. ನಾನು ಅಳುಕುತ್ತ ವಿವರಿಸುತ್ತಿದ್ದಂತೆ ರಿಸೀವರ್ ಕಸಿದುಕೊಂಡು ಕೇಳಿದರು: "ಯು ನೋ ದೀಸ್ ಪೀಪಲ್? ಯೆಸ್ ಆರ್ ನೋ?" ಆ ನಂಬರು ಆಟದ ಸಾಫ್ಟ್‌ವೇರ್ ಮಾರುವ ಇನ್ನೊಂದು ಕಂಪನಿಯದು, ನಿಮ್ಮ ಕ್ಯಾಸಿನೊಗೆ ಸ್ವಂತ ಲೈಸೆನ್ಸ್ ಇಲ್ಲ ಎಂದು ಉತ್ತರ ಬಂತು. ನಾನು ಗೋದಾಮಿನಲ್ಲೇ ಉಳಿದೆ.

ಕಥೆ ಇಷ್ಟಕ್ಕೇ ಮುಗಿದಿದ್ದರೆ ನನಗೆ ನಿದ್ದೆ ಬರುತ್ತಿತ್ತು. ಮಗಳು ಹುಟ್ಟಿ ಕೆಲವು ತಿಂಗಳ ಮೇಲೆ ಸುಮ್ಮನೆ ಮತ್ತೆ ನೋಡಿದರೆ, ಅದೇ ಕ್ಯಾಸಿನೊದ ಹೆಸರು ಕಚೇರಿಯ ಪುಟದಲ್ಲಿ ಸ್ವಂತ ನಂಬರಿನೊಡನೆ ಕುಳಿತಿತ್ತು. ಸಿಟ್ಟಿನಿಂದ ಕೆಳಗಿಳಿದು ಹೋದೆ. ಒಳ್ಳೆಯ ಕೆಲಸ ತಪ್ಪಿಸಿದಿರಿ ಎಂದೇ ಅಂದೆ.

ಮಾವಶಿ ಮಗುವಿನ ಕುಲಾವಿ ಹೆಣೆಯುತ್ತಿದ್ದರು. "ಈಗ ಲೈಸೆನ್ಸ್ ತಗೊಂಡು ಲಗ್ನ ಆಗ್ಯಾರ, ಖರೆ. ಆದ್ರ ಅವತ್ತನ ಲಗ್ನ ಆಗೇತಿ ಅಂತ ಹೇಳಿದ್ರಲ್ಲ?" ಎಂದರು. ಒಂದು ಸಾಲು ಹೆಣೆದು ತಲೆ ಎತ್ತದೆಯೇ ಹೇಳಿದರು: "ನನ್ನ ಕೊಡಬೇಕಾದಾಗ ಯಾರೂ ಕೇಳಾಕ ಹೋಗಲಿಲ್ಲ, ತಮ್ಮಾ. ಇಲ್ಲಿಗೆ ಬಂದ ಮ್ಯಾಲೆ ಗೊತ್ತಾತು, ನಮ್ಮ ಮನಿಯವರಿಗೆ ಮೊದಲ ಒಬ್ಬಾಕಿ ಇದ್ಲು."

ಬಾಗಿಲು ಎಳೆದುಕೊಂಡು ಮೇಲೆ ಬಂದೆ. ಆ ಕೆಲಸ ನನಗೆ ಒಳ್ಳೆಯದಾಗುತ್ತಿತ್ತೋ ಕೆಟ್ಟದಾಗುತ್ತಿತ್ತೋ, ಎಷ್ಟು ಸಲ ಯೋಚಿಸಿದರೂ ಬಗೆಹರಿಯಲಿಲ್ಲ. ಅದರ ಬಗ್ಗೆ ಮತ್ತೊಮ್ಮೆ ಅವರೊಡನೆ ಮಾತಾಡುವುದೂ ಆಗಲಿಲ್ಲ. ಮುಂದಿನ ಚಳಿಗಾಲದಲ್ಲಿ ಎದೆನೋವೆಂದು ಆಸ್ಪತ್ರೆಗೆ ಹೋದವರು ಮನೆಗೆ ಬರಲಿಲ್ಲ. ಅವರ ತೀರ್ಪು ಸರಿಯೋ ತಪ್ಪೋ ಎಂಬ ಗೊಂದಲ ನನಗೆ ಇಂದಿಗೂ ಇದೆ. ಆದರೆ ಆ ಪರದೇಶದಲ್ಲಿ ನನ್ನ ಪರವಾಗಿ ಎದ್ದು, ಇವರು ಯಾರು ಎಂದು ಕೇಳಿದವರು ಅವರೊಬ್ಬರೇ.